ಮೊದಲ ಮಿಲಿಟರಿ ರೈಫಲ್: 750 ಡಾಲರ್ ಕೊಡಬಹುದಾ?

ಪ್ರಶ್ನೆ: ನಾನು ಕಾಪು ಕಡೆಯವನು, ಈಗ ಅಮೆರಿಕದ ಓಹಿಯೋದಲ್ಲಿದ್ದೇನೆ. ಹೋದ ವರ್ಷ ಗ್ರೀನ್ ಕಾರ್ಡ್ ಬಂತು. ಕಾಲೇಜಲ್ಲಿ ಎನ್‌ಸಿಸಿಯಲ್ಲಿದ್ದಾಗ ತ್ರೀ ನಾಟ್ ತ್ರೀ (.303 ಲೀ-ಎನ್‌ಫೀಲ್ಡ್ ರೈಫಲ್) ಹಿಡಿದು ಡ್ರಿಲ್ ಮಾಡಿದ್ದೆ, ಅಂಥದ್ದೊಂದು ಸ್ವಂತಕ್ಕೆ ಬೇಕು ಅನ್ನೋ ಆಸೆ ಆಗಿನಿಂದಲೂ ಇದೆ. ಇಲ್ಲಿನ ಗನ್ ಶೋ (ಕೋವಿ ಮಾರಾಟದ ಮೇಳ) ಒಂದರಲ್ಲಿ ನಮ್ಮ ಭಾರತದ ಇಶಾಪುರದಲ್ಲೇ ಮಾಡಿದ 2ಎ1 ರೈಫಲ್ ಸಿಕ್ಕಿತು, 1966ರದ್ದು. ಅಂಗಡಿಯವನು 750 ಡಾಲರ್ ಹೇಳುತ್ತಾನೆ. ಇದು ತ್ರೀ ನಾಟ್ ತ್ರೀಯನ್ನೇ 7.62 ಮಿ.ಮೀ. ತೋಟೆಗೆ ಬದಲಾಯಿಸಿದ್ದು, ಬಹಳ ಅಪರೂಪ, ನಂಬರ್ ಎಲ್ಲಾ ಮ್ಯಾಚಿಂಗ್, ಅಂದರೆ ಎಲ್ಲ ಭಾಗಕ್ಕೂ ಒಂದೇ ನಂಬರ್, ಅಂತಾನೆ. ನಾನು ನೋಡಿದಾಗ ಬೋಲ್ಟಿನ (ತೋಟೆಯನ್ನು ಒಳಗೆ ತಳ್ಳಿ ನಳಿಗೆಯ ಹಿಂಭಾಗ ಮುಚ್ಚುವ ಭಾಗ) ನಂಬರ್ ಸರಿ ಇತ್ತು, ಮ್ಯಾಗಝಿನ್‌ದು ಬೇರೆ ಇತ್ತು. ನಳಿಗೆಯಲ್ಲಿ ಗ್ರೀಸ್ ತುಂಬಿದ್ದರಿಂದ ಒಳಗೇನೂ ಕಾಣಲಿಲ್ಲ. ಮುಂದಿನ ಮರಕ್ಕೆ ಅಡ್ಡ ಒಂದು ಸ್ಕ್ರೂ ಹೊಡೆದಿದೆ, ಯಾರೋ ರಿಪೇರಿ ಮಾಡಿರಬೇಕು. ಆನ್‌ಲೈನಲ್ಲಿ ಇದೇ ರೈಫಲ್ 450ಕ್ಕೂ ಇದೆ, 1,200ಕ್ಕೂ ಇದೆ! ಗೆಳೆಯ ಒಬ್ಬ, ಇವೆಲ್ಲ ಒಂದು ಕಾಲಕ್ಕೆ ನೂರು ಡಾಲರಿಗೆ ಸಿಗ್ತಿದ್ದವು ಅಂತ ನಗಾಡುತ್ತಾನೆ. ಅದೇ ಅಂಗಡಿಯಲ್ಲಿ ಮರ ಕತ್ತರಿಸಿ ಬೇಟೆ ರೈಫಲ್ ಮಾಡಿದ ಹಳೇ ಲೀ-ಎನ್‌ಫೀಲ್ಡ್ 250ಕ್ಕೆ, ರಷ್ಯದ ಮೋಸಿನ್-ನಾಗಾಂಟ್ 450ಕ್ಕೆ ಇದೆ. ಯಾವುದು ತಗೊಳ್ಳಲಿ, ಎಷ್ಟು ಕೊಡಲಿ? ಇನ್ನೊಂದು, ಊರಿನಲ್ಲಿರುವ ಮಾವ ತೋಟಕ್ಕೆ ಹಂದಿ ಕಾಟ, ಬರುವಾಗ ಅದನ್ನ ಇಲ್ಲಿಗೇ ತಂದುಬಿಡು ಅಂತಿದ್ದಾರೆ. ಆಗುತ್ತಾ?

ಉತ್ತರ: ಮಾವನ ವಿಷಯ ಕೊನೆಗೆ ಹೇಳುತ್ತೇನೆ, ಅದಕ್ಕೆ ಉತ್ತರ ಚಿಕ್ಕದು.

ನಿಮ್ಮ ನಿಜವಾದ ಚಿಂತೆ 750 ಜಾಸ್ತಿಯೋ ಕಡಿಮೆಯೋ ಅನ್ನೋದಲ್ಲ ಅಂತ ನನಗನಿಸುತ್ತದೆ. ಎದುರಿಗಿರುವವನಿಗೆ ಗೊತ್ತಿರುವುದು ನಿಮಗೆ ಗೊತ್ತಿಲ್ಲ, ಮೊದಲ ಸಲವೇ ಟೋಪಿ ಬೀಳುತ್ತದೋ ಏನೋ ಅನ್ನುವ ಭಯ. ನಾನು ಸೇನೆಯಲ್ಲಿ ಆರ್ಮರರ್ ಆಗಿದ್ದವನು, ಇಂಥ ರೈಫಲ್‌ಗಳನ್ನು ಬಿಚ್ಚಿ ಜೋಡಿಸುವುದೇ ಕೆಲಸವಾಗಿತ್ತು. ಈಗ ಮಂಗಳೂರಿನಲ್ಲಿ ರೈತರ ಕೋವಿ ರಿಪೇರಿ ಮಾಡುತ್ತೇನೆ. ಮಗಳ ಸಂಸಾರ ಪೆನ್ಸಿಲ್ವೇನಿಯಾದಲ್ಲಿ ಇರುವುದರಿಂದ ಅಲ್ಲಿನ ಗನ್ ಶೋಗಳನ್ನೂ ಸುತ್ತಿದ್ದೇನೆ. ಮೇಜಿನ ಹಿಂದೆ ನಿಂತವರೆಲ್ಲ ಮೋಸಗಾರರಲ್ಲ. ಅರ್ಧಕ್ಕರ್ಧ ಜನ ತಮಗೆ ಮಾರಿದವನು ಹೇಳಿದ ಕತೆಯನ್ನೇ ನಂಬಿ ಮುಂದಿನವರಿಗೆ ಹೇಳುತ್ತಿರುತ್ತಾರೆ ಅಷ್ಟೇ.

ನಿಮ್ಮವನು ಹೇಳಿದ ಕತೆಯಲ್ಲಿ ಮೊದಲನೆಯದೇ ತಪ್ಪು. 2ಎ1 ಅನ್ನುವುದು ತ್ರೀ ನಾಟ್ ತ್ರೀಯನ್ನು ಬದಲಾಯಿಸಿದ ರೈಫಲ್ ಅಲ್ಲ. 1962ರ ಚೀನಾ ಯುದ್ಧದ ನಂತರ ಸೇನೆ 7.62 ತೋಟೆಗೆ ಹೊರಳುತ್ತಿತ್ತು, ಹೊಸ ಎಸ್‌ಎಲ್‌ಆರ್ (ತೋಟೆಯನ್ನು ತಾನೇ ಏರಿಸಿಕೊಳ್ಳುವ ರೈಫಲ್) ಎಲ್ಲರಿಗೂ ತಲುಪುವಷ್ಟು ಇನ್ನೂ ತಯಾರಾಗಿರಲಿಲ್ಲ. ಆಗ ಪಶ್ಚಿಮ ಬಂಗಾಳದ ಇಶಾಪುರ ರೈಫಲ್ ಕಾರ್ಖಾನೆಯವರು ಕೈಗೆ ಪಳಗಿದ್ದ ಲೀ-ಎನ್‌ಫೀಲ್ಡ್ ವಿನ್ಯಾಸವನ್ನೇ ಇಟ್ಟುಕೊಂಡು, ಇನ್ನೂ ಗಟ್ಟಿಯಾದ ಉಕ್ಕಿನಲ್ಲಿ, 7.62ಕ್ಕೆಂದೇ ಹೊಸದಾಗಿ ಮಾಡಿದರು. ಮೊದಲು ಬಂದದ್ದು 2ಎ, ಅದರ ಹಿಂದಿನ ಸೈಟ್‌ನಲ್ಲಿ 2000 ಮೀಟರ್ ದೂರದ ತನಕ ಗುರುತಿದೆ. ಆಮೇಲಿನ 2ಎ1ರಲ್ಲಿ 800ಕ್ಕೇ ನಿಲ್ಲುತ್ತದೆ. ಎರಡಕ್ಕೂ ಕೆಳಗೆ ಚೌಕಾಕಾರದ ಮ್ಯಾಗಝಿನ್, ತ್ರೀ ನಾಟ್ ತ್ರೀಯದ್ದರ ಹಾಗೆ ಓರೆಯಾಗಿ ಇರುವುದಿಲ್ಲ. ಅಂಗಡಿಯವನು ಇದನ್ನು ತಿಳಿಯದೇ ಹೇಳಿದ್ದಾದರೆ ಪರವಾಗಿಲ್ಲ, ನಿಮಗೆ ಚೌಕಾಸಿಗೆ ಒಂದು ಹಿಡಿ ಸಿಕ್ಕಿತು.

ಅಪರೂಪ ಅನ್ನುವುದೂ ಸುಳ್ಳೇ. ಅಮೆರಿಕದ ಹಳೇ ಶಸ್ತ್ರಗಳ ಮಾರುಕಟ್ಟೆಯಲ್ಲಿ ಇಶಾಪುರದ ಮಾಲು ಧಾರಾಳವಾಗಿ ಬಂದಿತ್ತು. ಇವತ್ತು ಹೊಸದಾಗಿ ಬರುತ್ತಿಲ್ಲ ಅನ್ನುವುದು ನಿಜ, ಹಾಗಾಗಿ ರೇಟು ಏರಿದೆ.

ನಿಮ್ಮ ಗೆಳೆಯನ ನೂರು ಡಾಲರಿನ ಮಾತು ಪೂರ್ತಿ ಸುಳ್ಳಲ್ಲ. ಮೋಸಿನ್ ರೈಫಲ್‌ಗಳು ಹದಿನೈದಿಪ್ಪತ್ತು ವರ್ಷದ ಹಿಂದೆ ನೂರು ಡಾಲರಿನ ಒಳಗೇ ಪೆಟ್ಟಿಗೆಗಟ್ಟಲೆ ಸಿಗುತ್ತಿದ್ದವು. ಅದಕ್ಕೆ ಕಾರಣ ಅವು ಕೀಳು ಅಂತಲ್ಲ. ಶೀತಲ ಸಮರ ಮುಗಿದು ಪೂರ್ವ ಯುರೋಪಿನ ಗೋದಾಮುಗಳು ಒಮ್ಮೆಲೇ ಖಾಲಿಯಾದವು, ಕೊಳ್ಳುವವರಿಗಿಂತ ಮಾಲು ಜಾಸ್ತಿ ಇತ್ತು. ಮೋಸಿನ್ ಒಟ್ಟು ಸುಮಾರು 3.7 ಕೋಟಿ ತಯಾರಾಗಿದೆ ಅನ್ನುತ್ತಾರೆ, ಅಷ್ಟಿದ್ದೂ ಗೋದಾಮು ಬರಿದಾದ ಮೇಲೆ ರೇಟು ನಾಲ್ಕೈದು ಪಟ್ಟಾಯಿತು. ಹಳೇ ರೇಟನ್ನು ಮನಸ್ಸಿನಲ್ಲಿಟ್ಟುಕೊಂಡರೆ ಇವತ್ತು ಏನನ್ನೂ ಕೊಳ್ಳಲು ಆಗುವುದಿಲ್ಲ, ಸುಮ್ನೆ ಹೊಟ್ಟೆ ಉರಿ.

ಹಾಗಾದರೆ ಇವತ್ತಿನ ರೇಟು ಯಾವುದು? ಆನ್‌ಲೈನಿನ 1,200 ಮತ್ತು 450, ಎರಡೂ ಮಾರುವವನ ಆಸೆ. ಯಾರಾದರೂ ದುಡ್ಡು ಎಣಿಸಿ ಕೊಟ್ಟ ಮೊತ್ತ ಮಾತ್ರ ರೇಟು. ಗನ್‌ಬ್ರೋಕರ್‌ನಂಥ ಹರಾಜು ಜಾಲತಾಣಗಳಲ್ಲಿ ಮುಗಿದ ಹರಾಜುಗಳನ್ನು ಬೇರೆಯಾಗಿ ನೋಡಬಹುದು. ಅದರಲ್ಲಿ ನಿಜಕ್ಕೂ ಮಾರಾಟವಾದವನ್ನಷ್ಟೇ ಆರಿಸಿ, ಬಿಡ್ಡೇ ಬಾರದೆ ಬಿದ್ದವನ್ನು ಬಿಡಿ. ಫೋಟೋ ನಿಮ್ಮ ರೈಫಲ್‌ಗೆ ಹೋಲುತ್ತದಾ ನೋಡಿ. ತೀರಾ ಮೇಲಿನದು, ತೀರಾ ಕೆಳಗಿನದು ಬಿಟ್ಟು ನಡುವಿನದ್ದನ್ನು ಹಿಡಿಯಿರಿ. ಆನ್‌ಲೈನಲ್ಲಿ ಕೊಂಡವನಿಗೆ ಸಾಗಾಟ, ಲೈಸನ್ಸ್ ಇರುವ ಡೀಲರ್ ತೆಗೆದುಕೊಳ್ಳುವ ವರ್ಗಾವಣೆ ಶುಲ್ಕ, ಕೆಲವು ಕಡೆ ಕಾರ್ಡ್ ಶುಲ್ಕ ಅಂತ ಮೇಲೆ ಇನ್ನಷ್ಟು ಬೀಳುತ್ತದೆ. ಆದ್ದರಿಂದ ಮೇಜಿನ ಮೇಲೆ, ಕೈಯಲ್ಲಿ ಹಿಡಿದು ಪರೀಕ್ಷಿಸಬಹುದಾದ ರೈಫಲ್‌ಗೆ ಐವತ್ತು ಡಾಲರ್ ಜಾಸ್ತಿ ಕೊಟ್ಟರೂ ನಷ್ಟವಿಲ್ಲ. ಆದರೆ ಕೈಯಲ್ಲಿ ಹಿಡಿದು ನೀವು ಪರೀಕ್ಷೆ ಮಾಡಬೇಕು, ಅಲ್ವಾ?

ನನ್ನ ಇಡೀ ಉತ್ತರ ನಿಂತಿರುವುದು ಇಲ್ಲೇ. ಮೊದಲ ರೈಫಲ್‌ಗೆ ಬೆಲೆ ಕಟ್ಟಬೇಕಾದದ್ದು ನಳಿಗೆ, ಬೋಲ್ಟು ಮತ್ತು ಮರದ ಒಳಭಾಗಕ್ಕೆ. ಯುದ್ಧದ ಕತೆ, ವರ್ಷ, ಹೊಳಪು ಇವಕ್ಕೆಲ್ಲ ದುಡ್ಡು ಕೊಡುವುದು ಸಂಗ್ರಹಕಾರರ ಆಟ, ನೀವಿನ್ನೂ ಆ ಆಟಕ್ಕೆ ಇಳಿದಿಲ್ಲ.

ಗ್ರೀಸ್ ತುಂಬಿದ ನಳಿಗೆಯನ್ನು ನೋಡದೆ ಕೊಳ್ಳಲೇಬೇಡಿ. ಒಂದು ಬಟ್ಟೆ ತೂರಿಸಲು ಬಿಡಿ ಅಂತ ಕೇಳಿ. ಬಿಡಲ್ಲ ಅಂದರೆ ನಿಮ್ಮ ಉತ್ತರ ನಿಮಗೆ ಸಿಕ್ಕಿತು, ಮುಂದಿನ ಮೇಜಿಗೆ ಹೋಗಿ. ಮೊದಲು ರೈಫಲ್ ಖಾಲಿ ಅಂತ ಖಾತ್ರಿ ಮಾಡಿಕೊಂಡು, ಬೋಲ್ಟ್ ತೆಗೆದು, ಹಿಂದಿನಿಂದ ಚಿಕ್ಕ ಟಾರ್ಚ್ ಬಿಟ್ಟು ಬಾಯಿಯ ಕಡೆಯಿಂದ ನೋಡಿ. ಗುಂಡನ್ನು ತಿರುಗಿಸಲು ಒಳಗೆ ಕೊರೆದ ಸುರುಳಿ ಗೀರುಗಳ ಅಂಚು ಚೂಪಾಗಿ ಕಾಣಬೇಕು. ಒಳಗೆ ಸ್ವಲ್ಪ ಕಪ್ಪು ಇದ್ದರೆ ಹೆದರಬೇಡಿ, ಕಪ್ಪು ನಳಿಗೆಯೂ ನೆಟ್ಟಗೆ ಹೊಡೆಯುತ್ತದೆ. ಸಿಡುಬಿನ ಕಲೆಯಂತೆ ಗುಳಿ ಬಿದ್ದಿದ್ದರೆ, ಅದರಲ್ಲೂ ಬಾಯಿಯ ಹತ್ತಿರ ಬಿದ್ದಿದ್ದರೆ, ಆ ರೈಫಲ್ ಬಿಟ್ಟುಬಿಡಿ. ಬಾಯಿ ಸವೆದಿದೆಯಾ ಅಂತ ನೋಡಲು ಮದ್ದು, ಖೋಲು ಯಾವುದೂ ಇಲ್ಲದ ಬರೀ ಬುಲೆಟ್ ಒಂದನ್ನು ಬಾಯಿಗೆ ಇಟ್ಟು ನೋಡುವುದುಂಟು. ಅದು ಪೂರ್ತಿ ಒಳಗೆ ಜಾರಿದರೆ ಸವೆದಿದೆ ಅಂತ ಅರ್ಥ. ಬರೀ ಅಂದಾಜಿನ ಪರೀಕ್ಷೆ ಇದು. ಜೀವಂತ ತೋಟೆಯನ್ನು ಈ ಆಟಕ್ಕೆ ಮಾತ್ರ ಬಳಸಬೇಡಿ.

ಇಂಥ ನಳಿಗೆ ಹೆಚ್ಚಾಗಿ ಹಾಳಾಗುವುದು ಗುಂಡು ಹೊಡೆದು ಅಲ್ಲ, ಹೊಡೆದ ಮೇಲೆ ತೊಳೆಯದೆ. ಹಳೇ ಮಿಲಿಟರಿ ತೋಟೆಗಳ ಕೇಪಿನಲ್ಲಿ ಪೊಟ್ಯಾಸಿಯಂ ಕ್ಲೋರೇಟ್ ಇರುತ್ತಿತ್ತು. ಅದು ಉರಿದ ಮೇಲೆ ಉಳಿಯುವುದು ಒಂದು ಜಾತಿಯ ಉಪ್ಪು. ಉಪ್ಪು ಗಾಳಿಯ ತೇವ ಎಳೆದುಕೊಂಡು ಉಕ್ಕನ್ನು ತಿನ್ನುತ್ತದೆ. ಎಣ್ಣೆಯಲ್ಲಿ ಅದು ಕರಗುವುದಿಲ್ಲ, ಬಿಸಿನೀರಿನಲ್ಲಿ ಕರಗುತ್ತದೆ. ಆಗಿನ ಸಿಪಾಯಿಗಳು ಕುದಿಯುವ ನೀರು ಹೊಯ್ದು ನಳಿಗೆ ತೊಳೆಯುತ್ತಿದ್ದದ್ದು ಅದಕ್ಕೇ. ನೀವೂ ಹಳೇ ತೋಟೆ ಕೊಂಡರೆ ಅವತ್ತೇ ರಾತ್ರಿ ತೊಳೆಯಬೇಕು.

ಇನ್ನು ಮರ. ನನ್ನ ಹತ್ತಿರ ಬರುವ ಕರಾವಳಿಯ ಕೋವಿಗಳಲ್ಲಿ ನಾನು ಮೊದಲು ನೋಡುವುದು ಮರ ಮತ್ತು ಕಬ್ಬಿಣ ಕೂಡುವ ಗೆರೆಯನ್ನು. ಹೊರಗಡೆ ತೆಂಗಿನೆಣ್ಣೆ ಉಜ್ಜಿ ಫಳಫಳ ಮಾಡಿರುತ್ತಾರೆ. ಆಟಿ ತಿಂಗಳ ಮಳೆ ಕಳೆದ ಮೇಲೆ ಮರ ಬಿಚ್ಚಿದರೆ ಅಡಿಯಲ್ಲಿ ಕೆಂಪು ಪುಡಿ ಉದುರುತ್ತದೆ, ಎಣ್ಣೆ ಅಂಟಾಗಿ ಬಲೆ ಕಟ್ಟಿರುತ್ತದೆ, ಚರ್ಮದ ಚೀಲದೊಳಗೆ ಅಟ್ಟದ ಮೇಲೆ ಇಟ್ಟದ್ದಾದರೆ ಇನ್ನೂ ಕಷ್ಟ. ಇಶಾಪುರದ ರೈಫಲ್‌ಗಳೂ ನಮ್ಮಂಥದ್ದೇ ಹವೆಯಲ್ಲಿ ಬದುಕಿದವು. ಬಹಳಷ್ಟಕ್ಕೆ ಕಪ್ಪು ಪೇಂಟ್ ಬಳಿದಿದ್ದಾರೆ. ಮಲ್ಪೆಯಲ್ಲಿ ಹಳೇ ಬೋಟಿಗೆ ಹೊಸ ಬಣ್ಣ ಹೊಡೆದು ನಿಲ್ಲಿಸಿದ ಹಾಗೆ, ದೂರದಿಂದ ಚೆಂದ, ಉಗುರಿನಿಂದ ಕೆರೆದರೆ ಕತೆ ಬೇರೆ. ಮರದ ಮೇಲಿನ ಮುಚ್ಚಳ ಒಂದಿಷ್ಟು ಎತ್ತಿಸಿ ನೋಡಿ, ಅದರಡಿ ನಳಿಗೆಯ ಹೊರಮೈ ತುಕ್ಕಿನಿಂದ ಗುಳಿ ಬಿದ್ದಿದೆಯಾ ಅಂತ. ಮುಚ್ಚಳ ಎತ್ತಲು ಅಂಗಡಿಯವನಿಗೇ ಹೇಳಿ, ನೀವು ಕೈ ಹಾಕಿ ಮರ ಸೀಳಿದರೆ ರೈಫಲ್ ನಿಮ್ಮದೇ ಆಗುತ್ತದೆ.

ನೀವು ರಿಪೇರಿ ಅಂದುಕೊಂಡ ಆ ಅಡ್ಡ ಸ್ಕ್ರೂ ದೋಷ ಅಲ್ಲ. ನಮ್ಮ ಬಿಸಿಲು ಮಳೆಗೆ ಮುಂದಿನ ಮರ ಸೀಳಬಾರದು ಅಂತ ಇಶಾಪುರದವರೇ ಹಾಕುತ್ತಿದ್ದ ಸ್ಕ್ರೂ ಅದು. ಅಮೆರಿಕದವರು ಅದಕ್ಕೆ ಇಶಾಪುರ್ ಸ್ಕ್ರೂ ಅಂತಲೇ ಹೆಸರಿಟ್ಟಿದ್ದಾರೆ. ಅದಕ್ಕೆ ಒಂದು ಡಾಲರನ್ನೂ ಕಡಿಮೆ ಮಾಡಬೇಡಿ. ಹಾಗೇ ನಳಿಗೆಯ ಮೇಲೆ ಆಮದು ಮಾಡಿದ ಕಂಪನಿಯ ಹೆಸರು ಚುಚ್ಚಿದಂತೆ ಇದ್ದರೆ ಅದೂ ನಕಲಿಯ ಗುರುತಲ್ಲ, ಅಮೆರಿಕದ ಕಾನೂನಿಗೆ ಬೇಕಾದ ಗುರುತು. ಸಂಗ್ರಹಕಾರರಿಗೆ ಅದು ಇಷ್ಟವಾಗುವುದಿಲ್ಲ, ನಿಮಗೆ ಬೆಲೆ ಸ್ವಲ್ಪ ಇಳಿದರೆ ಲಾಭವೇ.

ನಂಬರಿನ ವಿಚಾರ. ಎಲ್ಲವೂ ಕೂಡಬೇಕು ಅಂತ ಹಠ ಬೇಡ, ಬೋಲ್ಟಿನದ್ದು ಕೂಡಲೇಬೇಕು. ಬೋಲ್ಟಿನ ಮುಖಕ್ಕೂ ನಳಿಗೆಯ ಗೂಡಿನಲ್ಲಿ (ತೋಟೆ ಕೂರುವ ಜಾಗ) ತೋಟೆ ತಡೆದು ನಿಲ್ಲುವ ಜಾಗಕ್ಕೂ ನಡುವಿನ ಅಂತರಕ್ಕೆ ಹೆಡ್‌ಸ್ಪೇಸ್ ಅನ್ನುತ್ತೇವೆ. ಆ ಬೋಲ್ಟನ್ನು ಆ ರೈಫಲ್‌ಗೇ ಅಳತೆ ಮಾಡಿ ಕೂರಿಸಿರುತ್ತಾರೆ. ಬೇರೆ ರೈಫಲಿನ ಬೋಲ್ಟ್ ಹಾಕಿದರೆ ಅಂತರ ಜಾಸ್ತಿಯಾಗಿ, ಗುಂಡು ಹಾರುವಾಗ ಖೋಲು ಹಿಂದೆ ಹರಿದು ಬಿಸಿ ಅನಿಲ ಕಣ್ಣಿನ ಕಡೆಗೇ ಬರಬಹುದು. ನಂಬರ್ ಕೂಡಿದರೂ ಗನ್‌ಸ್ಮಿತ್ (ಕೋವಿ ರಿಪೇರಿಯವನು) ಹತ್ತಿರ ಗೇಜ್ ಹಾಕಿ ನೋಡಿಸಿ, ಆ ಖರ್ಚನ್ನು ಬೆಲೆಯೊಳಗೇ ಲೆಕ್ಕ ಹಾಕಿ. 2ಎ1ರ ಬೋಲ್ಟ್ ತಲೆ ಬದಲಿ ಬೇಕೆಂದರೆ ಹುಡುಕಿ ಸುಸ್ತಾಗುತ್ತೀರಿ. ಮ್ಯಾಗಝಿನ್ ನಂಬರ್ ಬೇರೆಯಾದದ್ದು ಸಂಗ್ರಹಕಾರರ ತಲೆನೋವು, ಚೆನ್ನಾಗಿ ಕೂತು ತೋಟೆ ಸರಿಯಾಗಿ ಏರಿಸುತ್ತದಾ ನೋಡಿ ಸಾಕು. ಆದರೆ ಮ್ಯಾಗಝಿನ್ನೇ ಇಲ್ಲದಿದ್ದರೆ ಹುಷಾರು, ಬೇರೆ ಕೊಳ್ಳಲು ದುಬಾರಿ. ಅದೇನೇ ಇರಲಿ, ಅವನು ಎಲ್ಲಾ ಮ್ಯಾಚಿಂಗ್ ಅಂದದ್ದು ಸುಳ್ಳಾಯಿತು, ಇದು ಚೌಕಾಸಿಗೆ ಎರಡನೇ ಹಿಡಿ.

ತೋಟೆಯ ಬಗ್ಗೆ ಒಂದು ಜಗಳ ಯಾವಾಗಲೂ ಇದೆ. 2ಎ1 ಮಾಡಿದ್ದು 7.62 ನ್ಯಾಟೋ ತೋಟೆಗೆ. ಅಮೆರಿಕದ ಅಂಗಡಿಗಳಲ್ಲಿ ಸಿಗುವ .308 ವಿಂಚೆಸ್ಟರ್ ಹೊರಗಿನಿಂದ ಹೆಚ್ಚುಕಡಿಮೆ ಅದೇ. ಒಬ್ಬರು ಸಿಡಿದುಹೋಗುತ್ತದೆ ಅಂತಾರೆ, ಇನ್ನೊಬ್ಬರು ಏನೂ ಆಗಲ್ಲ ಅಂತಾರೆ. ಒತ್ತಡದ ಅಂಕಿಗಳನ್ನು ಎರಡು ಬೇರೆ ವಿಧಾನದಲ್ಲಿ ಅಳೆದು, ಎರಡನ್ನೂ ಒಂದೇ ಮಾನದಲ್ಲಿ ಬರೆದದ್ದರಿಂದ ಅರ್ಧ ಗಲಾಟೆ ಹುಟ್ಟಿದೆ. ನಿಜವಾದ ವ್ಯತ್ಯಾಸ ಇರುವುದು ಆಗ ಹೇಳಿದ ಹೆಡ್‌ಸ್ಪೇಸ್ ಅಂತರದಲ್ಲಿ. ಮಿಲಿಟರಿ ರೈಫಲಿನ ಗೂಡು ಸ್ವಲ್ಪ ಉದ್ದವಿರಬಹುದು, ಅಂಗಡಿಯ .308ರ ಹಿತ್ತಾಳೆ ಖೋಲು ಸ್ವಲ್ಪ ತೆಳು. ನಾನಾದರೆ ಮಿಲಿಟರಿ ಮಾದರಿಯ 147 ಗ್ರೇನ್ (ಬುಲೆಟ್ ತೂಗುವ ಮಾನ) ತೂಕದ ಬುಲೆಟ್ ಇರುವ ತೋಟೆ ಬಿಟ್ಟು ಬೇರೆ ಹಾಕುವುದಿಲ್ಲ, ಬೇಟೆಯ ಜೋರು ತೋಟೆಗಳ ಹತ್ತಿರವೂ ಹೋಗುವುದಿಲ್ಲ.

ನಿಮಗೆ ಅನ್ವಯಿಸದಿದ್ದರೂ ಓದುವ ಬೇರೆಯವರಿಗಾಗಿ ನಾಲ್ಕು ಮಾತು. ಡಿ.ಪಿ. ಅಂತ ಗುರುತಿದ್ದರೆ ಅದು ಬರೀ ಡ್ರಿಲ್‌ಗೆ ಉಳಿಸಿದ ರೈಫಲ್, ಎನ್‌ಸಿಸಿಯಲ್ಲಿ ನಾವು ಹೆಗಲಿಗೇರಿಸಿದ್ದು ಹೆಚ್ಚಾಗಿ ಅವನ್ನೇ. ಗುಂಡು ಹೊಡೆಯಲು ಯೋಗ್ಯವಲ್ಲ ಅಂತ ತಿಳಿದೇ ಆ ಗುರುತು ಹಾಕಿರುತ್ತಾರೆ. ಮುಂಭಾಗಕ್ಕೆ ತಂತಿ ಸುತ್ತಿದ ರೈಫಲ್‌ಗಳು ಗ್ರೆನೇಡ್ ಹಾರಿಸಿ ದಣಿದವು, ಗೋಡೆಗೆ ನೇತುಹಾಕಲು ಕೊಳ್ಳಿ. ಜಂಗಲ್ ಕಾರ್ಬೈನ್ (ಲೀ-ಎನ್‌ಫೀಲ್ಡಿನ ಗಿಡ್ಡ ಮಾದರಿ) ಅಂತ ಮಾರುವುದರಲ್ಲಿ ಎಷ್ಟೋ ಉದ್ದದ ರೈಫಲ್ ಕತ್ತರಿಸಿ ಮಾಡಿದವು. ಅಸಲಿಯಲ್ಲಿ ತೂಕ ಇಳಿಸಲು ನಳಿಗೆಯ ಬುಡವನ್ನು ಕೆತ್ತಿ ತೆಳ್ಳಗೆ ಮಾಡಿರುತ್ತಾರೆ, ಮೇಲಿನ ಮರ ಎತ್ತಿದರೆ ಕಾಣುತ್ತದೆ. ಇನ್ನು ಕಿರೀಟದ ಕೆಳಗೆ ವಿ.ಆರ್. ಅಂತ ಇದ್ದು ವರ್ಷ 1910 ಇದ್ದರೆ ನಕ್ಕು ಮುಂದೆ ಹೋಗಿ. ವಿಕ್ಟೋರಿಯಾ ರಾಣಿ ತೀರಿಕೊಂಡದ್ದು 1901ರಲ್ಲಿ. ಅದು ಖೈಬರ್ ಕಣಿವೆಯ ಕಡೆ ಕೈಯಲ್ಲಿ ಅರೆದು ಮಾಡಿದ ಮಾಲು. ಅಕ್ಷರಗಳು ತಿರುಗುಮುರುಗು ಇರುವುದೂ ಉಂಟು.

ಈಗ ಮೂರರಲ್ಲಿ ಯಾವುದು. ಮೋಸಿನ್ 450ಕ್ಕೆ ನಾನು ಬೇಡ ಅನ್ನುತ್ತೇನೆ. ಗಟ್ಟಿ ರೈಫಲ್, ದೂರು ಇಲ್ಲ, ಆದರೆ ಅದನ್ನು ಸಾಕುವುದು ಅಗ್ಗವಾಗಿದ್ದದ್ದು ತೋಟೆಯಿಂದ. 2021ರಲ್ಲಿ ಅಮೆರಿಕ ರಷ್ಯದ ತೋಟೆಗೆ ಹೊಸ ಆಮದು ಪರವಾನಗಿ ನಿಲ್ಲಿಸಿದ ಮೇಲೆ ಆ ಅನುಕೂಲ ಹೋಯಿತು. ಫಿನ್ಲೆಂಡಿನ ಸೇನೆಯ ಗುರುತಿರುವ ಮೋಸಿನ್ ಆದರೆ ಲೆಕ್ಕ ಬೇರೆ. 250ರ ಕತ್ತರಿಸಿದ ಲೀ-ಎನ್‌ಫೀಲ್ಡ್ ಕೆಟ್ಟ ಆಯ್ಕೆ ಅಲ್ಲ, ಹೊಡೆಯಲು ಮಾತ್ರ ಬೇಕು ಅಂದರೆ. ಆದರೆ ಮುಂದೆ ಮರ ತರಿಸಿ ಮೊದಲಿನ ಹಾಗೆ ಮಾಡುತ್ತೇನೆ ಅಂತ ಕನಸು ಕಾಣಬೇಡಿ. ಮರ, ಪಟ್ಟಿ, ಮೂತಿಯ ಭಾಗ ಎಲ್ಲ ಕೂಡಿಸಿದರೆ ಇಡೀ ರೈಫಲಿಗಿಂತ ಜಾಸ್ತಿ ಹೋಗುತ್ತದೆ, ಆಮೇಲೂ ಅದನ್ನು ಕತ್ತರಿಸಿದ್ದೇ ಅನ್ನುತ್ತಾರೆ. .303 ತೋಟೆಯೂ ಅಲ್ಲಿ ದುಬಾರಿ.

ನಿಮ್ಮ ಮನಸ್ಸು 2ಎ1 ಮೇಲಿದೆ, ಅದನ್ನೇ ಮಾಡಿ. ನನ್ನ ಅಂದಾಜಿನಲ್ಲಿ ನಳಿಗೆ ಚೆನ್ನಾಗಿದ್ದು ಮರದ ಅಡಿ ತುಕ್ಕಿಲ್ಲದಿದ್ದರೆ 550ರಿಂದ 600 ನ್ಯಾಯವಾದ ರೇಟು. ಮ್ಯಾಗಝಿನ್ ಬೇರೆ ಅನ್ನೋದನ್ನು ತೋರಿಸಿ 520ರಿಂದ ಶುರು ಮಾಡಿ. ನಳಿಗೆ ಕಪ್ಪಾಗಿದ್ದರೆ 450. ಗುಳಿ ಬಿದ್ದಿದ್ದರೆ ಬೇಡವೇ ಬೇಡ, ಅದಕ್ಕೆ ಬದಲಿ ನಳಿಗೆ ಹಾಕಿಸುವ ಖರ್ಚಿನಲ್ಲಿ ಇನ್ನೊಂದು ರೈಫಲ್ ಬರುತ್ತದೆ. 750 ಕೊಡಬಹುದಾದ 2ಎ1ಗಳೂ ಇವೆ, ಎಲ್ಲ ನಂಬರ್ ಕೂಡಿದ, ಪೇಂಟ್ ಕೆರೆಯದ, ಕನ್ನಡಿಯಂಥ ನಳಿಗೆಯವು. ನೀವು ಬರೆದದ್ದು ಆ ಪೈಕಿ ಅಲ್ಲ. ಮಾರುವವನಿಗೆ ಭಾನುವಾರ ಮಧ್ಯಾಹ್ನ ಮಾಲು ವ್ಯಾನಿಗೆ ವಾಪಸ್ ಏರಿಸಲು ಬೇಜಾರು, ಆಗ ಹೋಗಿ ಮಾತಾಡಿ.

ಕಾಗದದ ವಿಷಯ ಬೇಗ ಮುಗಿಸುತ್ತೇನೆ. ಗ್ರೀನ್ ಕಾರ್ಡ್ ಇರುವುದರಿಂದ ನೀವು ಕೊಳ್ಳಬಹುದು, ಡೀಲರ್ ಹತ್ತಿರ 4473 ನಮೂನೆ ತುಂಬಿಸಿ ಹಿನ್ನೆಲೆ ತಪಾಸಣೆ ಮಾಡುತ್ತಾರೆ. ಎಚ್-1ಬಿ ವೀಸಾದಲ್ಲಿರುವ ನಮ್ಮ ಹುಡುಗರು ಇದನ್ನು ಓದಿ ಹೊರಡಬೇಡಿ, ಬೇಟೆ ಲೈಸನ್ಸಿನಂಥ ಕೆಲವು ವಿನಾಯಿತಿ ಬಿಟ್ಟರೆ ನಿಮಗೆ ಕೋವಿ ಇಟ್ಟುಕೊಳ್ಳುವುದೇ ಅಪರಾಧ. ಮುಂದೆ ಹಳೇ ರೈಫಲ್ ಕೊಳ್ಳುವ ಚಟ ಹತ್ತಿದರೆ, ಐವತ್ತು ವರ್ಷ ದಾಟಿದ ಶಸ್ತ್ರಗಳಿಗೆ ಸಂಗ್ರಹಕಾರರ ಲೈಸನ್ಸ್ ಅಂತ ಇದೆ, ಮೂರು ವರ್ಷಕ್ಕೆ 30 ಡಾಲರ್. ಒಂದೇ ರೈಫಲಿಗೆ ಅದು ಬೇಡ.

ಮಾವನಿಗೆ ಹೇಳಿ, ಆಗುವುದಿಲ್ಲ. .303 ಅಥವಾ 7.62 ಸೇನಾ ತೋಟೆ ಹಿಡಿಸುವ ರೈಫಲ್ ನಮ್ಮ ಶಸ್ತ್ರಾಸ್ತ್ರ ನಿಯಮಗಳಲ್ಲಿ ನಿರ್ಬಂಧಿತ ವರ್ಗ. ಬೆಳೆ ರಕ್ಷಣೆಗೆ ಅಂತ ಉಡುಪಿಯ ಜಿಲ್ಲಾಧಿಕಾರಿ ಕಚೇರಿಯಿಂದ ಸಿಗುವ ಲೈಸನ್ಸ್ ಇದಕ್ಕೆ ನಡೆಯುವುದಿಲ್ಲ, ಇದು ದೆಹಲಿಯ ಗೃಹ ಸಚಿವಾಲಯದ ಮಟ್ಟದ ವಿಷಯ, ಹಂದಿ ಕಾಟ ಅಂದರೆ ಅಲ್ಲಿ ಯಾರೂ ಕೇಳುವುದಿಲ್ಲ. ಅಮೆರಿಕದಿಂದ ಹೊರಗೆ ಕಳಿಸಲೂ ಅಲ್ಲಿನ ಸರಕಾರದ ಪರವಾನಗಿ ಬೇಕು. ಲಗೇಜಿನಲ್ಲಿ ಬಿಡಿಭಾಗ ತಂದರೂ ಬಜಪೆ ವಿಮಾನ ನಿಲ್ದಾಣದಿಂದ ನೇರ ಠಾಣೆಗೆ. ಮಾವನಿಗೆ ಲೈಸನ್ಸ್ ಮಾಡಿಸುವ ಮನಸ್ಸಿದ್ದರೆ ಒಂದು ನಳಿಗೆಯ 12 ಬೋರ್ ತೋಟೆ ಕೋವಿಗೆ ಅರ್ಜಿ ಹಾಕಲಿ. ಹಂದಿಗೆ ಗುಂಡು ಹೊಡೆಯಲು ಅರಣ್ಯ ಇಲಾಖೆಯ ಅನುಮತಿ ಬೇರೆಯೇ ಬೇಕು, ಅದನ್ನೂ ಅವರಿಗೆ ಈಗಲೇ ಹೇಳಿಬಿಡಿ.